ಪಬ್ಲಿಕ್ ಸ್ಕೂಲು, ಫೀಸಿಲ್ಲ ಅಂದ್ರು. ಈಗ ಫೌಂಡೇಶನ್‌ನವರು ಮಗುವಿಗೆ 900 ಡಾಲರ್ ಕೇಳ್ತಿದಾರೆ. ಕೊಡಲೇಬೇಕಾ?

ಬಾಡಿಗೆಮನೆ_ಸೌತ್‌ಬೇ
ನಮಸ್ಕಾರ. ಬೆಂಗಳೂರಿಂದ ಕ್ಯಾಲಿಫೋರ್ನಿಯಾಕ್ಕೆ ಬಂದು ಒಂದೂವರೆ ವರ್ಷ ಆಯ್ತು. ಮಗಳು ಈ ಆಗಸ್ಟಲ್ಲಿ ಕಿಂಡರ್‌ಗಾರ್ಟನ್ ಸೇರಿದಳು. ಅಲ್ಲಿ ಎಲ್‌ಕೆಜಿಗೇ ಲಕ್ಷ ಸುರಿದು ಬಂದವರು ನಾವು. ಇಲ್ಲಿ ಒಂದು ಪೈಸೆ ಫೀಸಿಲ್ಲ ಅಂತ ಊರಿಗೆಲ್ಲ ಫೋನ್ ಮಾಡಿ ಜಂಭ ಕೊಚ್ಚಿಕೊಂಡಿದ್ದೆ.

ಎರಡನೇ ವಾರಕ್ಕೆ ಬ್ಯಾಗಲ್ಲಿ ಒಂದು ಮಿರಿಮಿರಿ ಮಿಂಚೋ ಕಾಗದ. ಊರಿನ ಎಜುಕೇಶನ್ ಫೌಂಡೇಶನ್‌ನದು. "ಪ್ರತಿ ಮಗುವಿಗೆ ನಮ್ಮ ಕೋರಿಕೆ 900 ಡಾಲರ್." ಕಲೆ, ಸಂಗೀತ, ಸೈನ್ಸ್ ಲ್ಯಾಬ್, ಲೈಬ್ರರಿ ಎಲ್ಲ ಈ ದುಡ್ಡಲ್ಲೇ ನಡೆಯೋದಂತೆ. ಶಾಲೆ ಗೇಟಿನ ಹತ್ರ ಥರ್ಮಾಮೀಟರ್ ಚಿತ್ರದ ದೊಡ್ಡ ಬೋರ್ಡು ಬೇರೆ, ಕೆಂಪು ಬಣ್ಣ 38%ವರೆಗೆ ಏರಿದೆ. ನಿನ್ನೆ ಮಗಳು "ಅಪ್ಪಾ, ನಮ್ ಕ್ಲಾಸು ಇನ್ನೂ ಪಿಜ್ಜಾ ಗೆದ್ದಿಲ್ಲ" ಅಂತ ಮುಖ ಸಣ್ಣ ಮಾಡ್ಕೊಂಡು ಬಂದಳು. ಎಲ್ಲ ಮನೆಯವರೂ ಏನಾದರೂ ಕೊಟ್ಟ ಕ್ಲಾಸಿಗೆ ಪಿಜ್ಜಾ ಪಾರ್ಟಿಯಂತೆ.

ಇದು ಕಡ್ಡಾಯವಾ? ಕೊಡದಿದ್ರೆ ಮಗೂನ ಬೇರೆ ಥರ ನೋಡ್ತಾರಾ? ತೆರಿಗೆ ಕಟ್ತಾನೇ ಇದೀವಲ್ಲ, ಅದೆಲ್ಲ ಎಲ್ಲಿಗೆ ಹೋಗ್ತಿದೆ?

ಮೂರು ಮಕ್ಕಳ ತಾಯಿ
ಕಡ್ಡಾಯ ಅಲ್ಲ. ಮೂರು ಮಕ್ಕಳು, 2,700 ಡಾಲರ್ ಎಲ್ಲಿಂದ ತರೋಣ? ನಾವು ಒಟ್ಟಿಗೆ 300 ಕೊಡ್ತೀವಿ. ಇವತ್ತಿನವರೆಗೆ ಯಾರೂ ಕಮಕ್ ಕಿಮಕ್ ಅಂದಿಲ್ಲ.

ತರಲೆ ತಿಮ್ಮ
ಡೊನೇಶನ್‌ನಿಂದ ತಪ್ಪಿಸಿಕೊಳ್ಳೋಕೆ ಹದಿನಾಲ್ಕು ಸಾವಿರ ಕಿಲೋಮೀಟರ್ ಹಾರಿ ಬಂದ್ರಿ. ಡೊನೇಶನ್ ನಿಮಗಿಂತ ಮುಂಚೆ ಬಂದು ಗೇಟಲ್ಲಿ ಬೋರ್ಡು ಹಿಡ್ಕೊಂಡು ನಿಂತಿತ್ತು.

ಹಳೇ ಹುಲಿ 96
ತಿಮ್ಮ, ಸುಮ್ನಿರಪ್ಪ. ಕೇಳಿದವರಿಗೆ ಸರಿಯಾಗಿ ಹೇಳೋಣ.

ಇದರ ಮೂಲ 1978ರಲ್ಲಿದೆ. ಆ ವರ್ಷ ಜೂನಲ್ಲಿ ಇಲ್ಲಿನ ಜನ ಪ್ರೊಪೊಸಿಷನ್ 13 ಅಂತ ಒಂದು ಜನಮತದ ಕಾನೂನಿಗೆ ಮತ ಹಾಕಿದರು. ಮನೆ ಮೇಲಿನ ತೆರಿಗೆ ಬೆಲೆಯ 1% ದಾಟಬಾರದು. ಆ ಬೆಲೆಯನ್ನಾದರೂ ವರ್ಷಕ್ಕೆ 2%ಗಿಂತ ಹೆಚ್ಚು ಏರಿಸಬಾರದು, ಮನೆ ಕೈ ಬದಲಾಗೋವರೆಗೂ. ನನ್ನ ಪಕ್ಕದ ಮನೆ ಅಜ್ಜ 1982ರಲ್ಲಿ ಒಂದೂವರೆ ಲಕ್ಷಕ್ಕೆ ಕೊಂಡಿದ್ದು. ಇವತ್ತಿಗೂ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಕಟ್ತಾನೆ. ಈ ಕಡೆ ಪಕ್ಕದಲ್ಲಿ ಅದೇ ಅಳತೆಯ ಮನೆ, ಹೋದ ವರ್ಷ 24 ಲಕ್ಷ ಡಾಲರಿಗೆ ಹೋಯ್ತು. ಆ ಹುಡುಗರು 24,000 ಕಟ್ತಾರೆ. ಒಂದೇ ಬೀದಿ, ಒಂದೇ ಶಾಲೆ. ಮೊದಲು ಸ್ಕೂಲ್ ಬೋರ್ಡಿಗೆ ದುಡ್ಡು ಸಾಲದಿದ್ರೆ ತೆರಿಗೆ ದರ ಏರಿಸಿಕೊಳ್ತಿತ್ತು. ಆ ಬೀಗದ ಕೈ ಕಿತ್ಕೊಂಡಾಯ್ತು. ಸಂಗೀತ ಮೇಷ್ಟ್ರು, ಲೈಬ್ರರಿಯನ್, ನರ್ಸು ಒಬ್ಬೊಬ್ಬರಾಗಿ ಹೋದರು. ಆಮೇಲೆ ಊರೂರಲ್ಲೂ ಪೋಷಕರು ಸೇರಿ ಫೌಂಡೇಶನ್ ಕಟ್ಟಿದರು. ನಿಮ್ಮ ಶಾಲೆಗೆ ದುಡ್ಡಿಲ್ಲದಿರೋಕೆ ನಮ್ಮ ಪಕ್ಕದ ಮನೆ ಅಜ್ಜನೇ ಕಾರಣ ಅಂದುಕೊಳ್ಳಿ.

ಲೆಕ್ಕದವನು
ಹುಲಿ ಸಾರ್, ಇತಿಹಾಸ ಸರಿ, ಕೊನೇ ಸಾಲು ತಪ್ಪು. ಬಹುಪಾಲು ಸ್ಕೂಲ್ ಡಿಸ್ಟ್ರಿಕ್ಟ್‌ಗಳಲ್ಲಿ (ಒಂದು ಊರಿನ ಸರ್ಕಾರಿ ಶಾಲೆಗಳನ್ನೆಲ್ಲ ನಡೆಸೋ ಆಡಳಿತ) ಅಜ್ಜ ನಾಳೆಯಿಂದ 24,000 ಕಟ್ಟಿದರೂ ಶಾಲೆಗೆ ಒಂದು ಡಾಲರ್ ಜಾಸ್ತಿ ಬರಲ್ಲ. ಒಂದು ಮಗುವಿಗೆ ಇಷ್ಟು ಅಂತ ರಾಜ್ಯವೇ ಗೊತ್ತು ಮಾಡುತ್ತೆ. ಸ್ಥಳೀಯ ತೆರಿಗೆ ಎಷ್ಟು ಬಂತೋ ಅಷ್ಟು ಕಳೆದು ಉಳಿದದ್ದನ್ನು ರಾಜ್ಯ ತುಂಬುತ್ತೆ. ಅಜ್ಜ ಹೆಚ್ಚು ಕೊಟ್ಟರೆ ರಾಜ್ಯ ಅಷ್ಟು ಕಮ್ಮಿ ಕೊಡುತ್ತೆ, ಅಷ್ಟೇ.

ಬೇರೆ ಕಥೆ ಇರೋದು ಪಾಲೊ ಆಲ್ಟೊ ಥರದ ಕಡೆ. ಅಲ್ಲಿ ಸ್ಥಳೀಯ ತೆರಿಗೆಯೇ ರಾಜ್ಯದ ಲೆಕ್ಕವನ್ನು ಮೀರುತ್ತೆ, ಮೀರಿದ್ದನ್ನು ಅವರೇ ಇಟ್ಕೋಬಹುದು. ಇವಕ್ಕೆ ಬೇಸಿಕ್ ಏಡ್ ಅಂತಾರೆ, ಈಗೀಗ ಕಮ್ಯುನಿಟಿ ಫಂಡೆಡ್ ಅಂತಲೂ. ಇನ್ನು 2013ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಕಾಲದಲ್ಲಿ ಬಂದ ಸೂತ್ರದ ಪ್ರಕಾರ ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರೋ ಮಕ್ಕಳು, ಫಾಸ್ಟರ್ (ಸಾಕುಮನೆಯಲ್ಲಿರೋ) ಮಕ್ಕಳಿಗೆ ಮೂಲ ಮೊತ್ತದ ಮೇಲೆ 20% ಹೆಚ್ಚು. ಅಂಥವರು 55% ದಾಟಿದ ಡಿಸ್ಟ್ರಿಕ್ಟಿಗೆ ಇನ್ನೂ ಹೆಚ್ಚು. ಐಟಿ ಜನ ತುಂಬಿದ ಎಷ್ಟೋ ಊರುಗಳಿಗೆ ಎರಡೂ ಇಲ್ಲ: ಬೇಸಿಕ್ ಏಡ್ ಆಗುವಷ್ಟು ತೆರಿಗೆಯೂ ಇಲ್ಲ, ಹೆಚ್ಚುವರಿ ಸಿಗುವಷ್ಟು ಬಡ ಮಕ್ಕಳೂ ಇಲ್ಲ. ನಿಮ್ಮ 900 ಡಾಲರ್ ಕೋರಿಕೆ ಹುಟ್ಟೋದು ಈ ಸಂದಿಯಲ್ಲಿ.

ಹಳೇ ಹುಲಿ 96
ಒಪ್ಪಿದೆ ಮಾರಾಯ. ಅಜ್ಜನಿಗೆ ಕ್ಷಮೆ.

ಧಾರವಾಡ ಫೇಡಾ
ಸಂದಿ ಅಂತ ಸಂದಿ! ಅಲ್ರೀ, 24 ಲಕ್ಷದ ಮನ್ಯಾಗ ಕೂತು "ನಮಗ ರೊಕ್ಕ ಸಾಲವಲ್ದು" ಅಂದ್ರ ನಗು ಬರ್ತದ. ನಾನು ಇರೋದು ಸ್ಯಾನ್ ಹೋಸೆ ಪೂರ್ವದ ಕಡೆ. ನನ್ನ ಮಗನ ಕ್ಲಾಸ್‌ನ್ಯಾಗ ಅರ್ಧಕ್ಕರ್ಧ ಹುಡುಗರ ಅಪ್ಪ ಅವ್ವ ಎರಡೆರಡು ಕೆಲಸ ಮಾಡೋರು. ನಮ್ಮ ಪಿಟಿಎ (ಪೋಷಕರು-ಟೀಚರ್‌ಗಳ ಸಂಘ) ಹೋದ ವರ್ಷ ಇಡೀ ಸಾಲಿಗೆ ಎತ್ತಿದ್ದು ನಾಲ್ಕು ಸಾವಿರ, ಅದೂ ಟಮಾಲೆ ಅನ್ನೋ ಮೆಕ್ಸಿಕನ್ ತಿಂಡಿ ಮಾರಿ. ನಿಮ್ಮ ಕಡೆ ಐದು ಮಕ್ಕಳ ಚೀಟಿಗೆ ಅಷ್ಟು ಆತು.

ಚಿತ್ತಾರದ ಅಕ್ಕ
ನಾನು ಆ ಮಿಂಚೋ ಕಾಗದ ಕಳಿಸೋ ಪೈಕಿ. ನಮ್ಮ ಡಿಸ್ಟ್ರಿಕ್ಟಿನ ಫೌಂಡೇಶನ್‌ನಲ್ಲಿ ಐದು ವರ್ಷದಿಂದ ಸ್ವಯಂಸೇವಕಿ. ಬೈಯೋ ಮುಂಚೆ ಒಳಗಿನ ಕಥೆ ಕೇಳಿ.

ಫೌಂಡೇಶನ್ ಅಂದ್ರೆ ಶಾಲೆ ಅಲ್ಲ, ಡಿಸ್ಟ್ರಿಕ್ಟೂ ಅಲ್ಲ. 501(ಸಿ)(3) ಅನ್ನೋ ಲಾಭರಹಿತ ಸಂಸ್ಥೆ, ನಮ್ಮದೇ ಬೋರ್ಡು, ನಮ್ಮದೇ ಲೆಕ್ಕಪತ್ರ. ಪಿಟಿಎ ಬೇರೆ, ಅದು ಒಂದೊಂದು ಶಾಲೆಗೆ ಒಂದೊಂದು, ಬೇಕ್ ಸೇಲು, ಪಿಕ್ನಿಕ್ಕು, ಫೀಲ್ಡ್ ಟ್ರಿಪ್ ಬಸ್ಸು ನೋಡಿಕೊಳ್ಳುತ್ತೆ. ನಾವು ಇಡೀ ಡಿಸ್ಟ್ರಿಕ್ಟಿಗೆ ಒಂದೇ ಹುಂಡಿ. ಕಲೆಯ ಟೀಚರನ್ನು ನಾವು ನೇಮಿಸಲ್ಲ. ಅವರು ಡಿಸ್ಟ್ರಿಕ್ಟಿನ ನೌಕರರು, ಯೂನಿಯನ್ ಸಂಬಳ, ಪೆನ್ಷನ್ ಎಲ್ಲ ಇರೋರು. ನಾವು ಚೆಕ್ ಕೊಡ್ತೀವಿ, ಸ್ಕೂಲ್ ಬೋರ್ಡು ಸಭೆಯಲ್ಲಿ ಮತ ಹಾಕಿ ಅದನ್ನು ಸ್ವೀಕರಿಸುತ್ತೆ.

ಆಗಸ್ಟಲ್ಲೇ ಯಾಕೆ ಬಾಗಿಲು ಬಡಿತೀವಿ, ಫೆಬ್ರವರಿಯಲ್ಲಿ ಯಾಕೆ ದಿನಕ್ಕೊಂದು ಇಮೇಲ್ ಬರುತ್ತೆ ಗೊತ್ತಾ? ಇಲ್ಲಿನ ಕಾನೂನಿನ ಪ್ರಕಾರ ಮುಂದಿನ ವರ್ಷಕ್ಕೆ ಬೇಡದ ಟೀಚರ್‌ಗಳಿಗೆ ಮಾರ್ಚ್ 15ರೊಳಗೆ ನೋಟಿಸ್ ಕೊಡಬೇಕು. ಅಷ್ಟರೊಳಗೆ ನಾವು "ಇಷ್ಟು ಕೊಡ್ತೀವಿ" ಅಂತ ಗಟ್ಟಿ ಮಾತು ಕೊಡದಿದ್ರೆ ಆ ಸಂಗೀತದ ಟೀಚರ್ ಕೈಗೆ ಕಾಗದ ಹೋಗುತ್ತೆ. ಮೇ ತಿಂಗಳಲ್ಲಿ ನೀವು ಉದಾರವಾಗಿ ಕೊಟ್ಟರೂ ಆಕೆ ಅಷ್ಟೊತ್ತಿಗೆ ಬೇರೆ ಊರಲ್ಲಿ ಕೆಲಸ ಹಿಡಿದಿರ್ತಾಳೆ. ನನ್ನ ಕಣ್ಣೆದುರೇ ಹೀಗೆ ಒಬ್ಬರು ಹೋದರು.

ಇನ್ನೊಂದು ಸಣ್ಣ ಬಾಬ್ತು, ನನಗೆ ಅಚ್ಚುಮೆಚ್ಚು: ಟೀಚರ್ ಗ್ರಾಂಟು. ಮೂರನೇ ಕ್ಲಾಸಿನ ಟೀಚರೊಬ್ಬರು 28 ಯುಕುಲೆಲೆ (ಗಿಟಾರ್ ಥರದ ಪುಟ್ಟ ವಾದ್ಯ) ಬೇಕು ಅಂತ ಎರಡು ಪುಟದ ಅರ್ಜಿ ಹಾಕಿದರು, 1,540 ಡಾಲರ್. ಕಮಿಟಿಯಲ್ಲಿ ಐದು ಜನ. ಎಲ್ಲರೂ "ಆಹಾ ಓಹೋ". ನಾನೊಬ್ಬಳು "ಇದನ್ನ ಶ್ರುತಿ ಮಾಡೋರು ಯಾರು?" ಅಂದೆ. ಬಾಯಿ ಬಿಟ್ಟದ್ದೇ ತಪ್ಪಾಯ್ತು! ಹೊಸ ನೈಲಾನ್ ತಂತಿ ಎಳೆದಷ್ಟೂ ಹಿಗ್ಗುತ್ತೆ. ಬೆಳಿಗ್ಗೆ ಕೂರಿಸಿದ ಶ್ರುತಿ ಊಟದ ಬೆಲ್ಲಿಗೆ ಅರ್ಧ ಸ್ವರ ಇಳಿದಿರುತ್ತೆ. 28 ಗುಣಿಸು 4, ಅಂದ್ರೆ 112 ತಂತಿ. ಮಕ್ಕಳು ಕೂರೋ ಚಿಕ್ಕ ಕುರ್ಚಿಯಲ್ಲಿ ಮಂಡಿ ಮೂಗಿಗೆ ತಾಗಿಸಿಕೊಂಡು ಒಂದು ವಾರ ಸಂಜೆ ಕೂತಿದ್ದೆ. ಡಿಸೆಂಬರಲ್ಲಿ ಆ ಮಕ್ಕಳು ನುಡಿಸಿದಾಗ ಒಂದು ವಾದ್ಯ ಮಾತ್ರ ಅಪಸ್ವರ. ಯಾವುದು ಅಂತ ನನಗೆ ಗೊತ್ತಿತ್ತು: 17ನೇ ನಂಬರು.

ಲೆಕ್ಕದವನು
ಕಾನೂನಿನ ವಿಷಯ ಯಾರೂ ಹೇಳಲಿಲ್ಲ. ಸಾಂಟಾ ಬಾರ್ಬರಾದಲ್ಲಿ ಹೈಸ್ಕೂಲಿನ ನಾಟಕ, ಕ್ರೀಡೆ, ಸಂಗೀತಕ್ಕೆ 25 ಡಾಲರ್ ಫೀಸು ಇಟ್ಟಿದ್ದರು. ಹಾರ್ಟ್‌ಜೆಲ್ ಎಂಬ ತಾಯಿ ಕೋರ್ಟಿಗೆ ಹೋದರು. 1984ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಶಾಲೆ ನಡೆಸೋ ಚಟುವಟಿಕೆಗೆ ಫೀಸು ಕೇಳೋದು ಸಂವಿಧಾನಕ್ಕೆ ವಿರುದ್ಧ ಅಂದಿತು. ಬಡವರಿಗೆ ವಿನಾಯಿತಿ ಇದೆ ಅನ್ನೋ ಸಮಜಾಯಿಷಿಯನ್ನೂ ಒಪ್ಪಲಿಲ್ಲ. 2012ರಲ್ಲಿ ಅದನ್ನೇ ಗಟ್ಟಿ ಮಾಡಿ ಇನ್ನೊಂದು ಕಾನೂನು ಬಂತು. ಹಾಗಾಗಿ ಎಲ್ಲ ಕಡೆ "ಕೋರಿಕೆ", "ಸ್ವಯಂಪ್ರೇರಿತ" ಅನ್ನೋ ಪದಗಳು. ಕೊಡದ ಮಗೂನ ಒಂದು ಚಟುವಟಿಕೆಯಿಂದ ಹೊರಗಿಟ್ಟರೆ ಹೆಸರು ಹೇಳದೆಯೂ ದೂರು ಕೊಡಬಹುದು.

ಬಾಡಿಗೆಮನೆ_ಸೌತ್‌ಬೇ
ಹಾಗಾದ್ರೆ ಪಿಜ್ಜಾ?

ಲೆಕ್ಕದವನು
ಪಿಜ್ಜಾದ ಬಗ್ಗೆ ಸುಪ್ರೀಂ ಕೋರ್ಟು ಮೌನ.

ಚಿತ್ತಾರದ ಅಕ್ಕ
ಪಿಜ್ಜಾ ನನಗೂ ಇಷ್ಟ ಇಲ್ಲ. ಮಕ್ಕಳನ್ನ ವಸೂಲಿಗೆ ಬಿಟ್ಟ ಹಾಗೆ. ನಮ್ಮಲ್ಲಿ ಎರಡು ವರ್ಷ ಜಗಳ ಆಡಿ ನಿಲ್ಲಿಸಿದೆ. ಪ್ರಿನ್ಸಿಪಾಲರಿಗೆ ಒಂದು ಸಾಲು ಬರೀರಿ, ಕೇಳ್ತಾರೆ.

ಧಾರವಾಡ ಫೇಡಾ
ಅಕ್ಕಾರ, ನಿಮ್ಮ ಯುಕುಲೆಲೆ ಕಥಿ ಛಲೋ ಅದ, ಮನಸ್ಸು ಕರಗ್ತು. ಆದ್ರ ನನ್ನ ಪ್ರಶ್ನೆ ಅಲ್ಲೇ ಉಳೀತು. ಹಾರ್ಟ್‌ಜೆಲ್ ಬಿಡ್ರಿ, ಅದಕ್ಕಿಂತ ಮೊದ್ಲಿನ ಸೆರಾನೋ ಕೇಸ್ ನೋಡ್ರಿ, 1971. ಬೆವರ್ಲಿ ಹಿಲ್ಸ್‌ನ್ಯಾಗ ಒಂದು ಹುಡುಗನ ಮ್ಯಾಲ ವರ್ಷಕ್ಕ 1,232 ಡಾಲರ್ ಖರ್ಚು, ಬಾಲ್ಡ್ವಿನ್ ಪಾರ್ಕ್‌ನ್ಯಾಗ 577. ಹಿಂಗ ಊರಿನ ಆಸ್ತಿ ನೋಡಿ ಹುಡುಗರ ಪಾಲು ಬ್ಯಾರೆ ಆಗಬಾರದು ಅಂತ ಕೋರ್ಟು ಹೇಳಿತು. ಸರ್ಕಾರದ ರೊಕ್ಕ ಸರಿಮಾಡಿದ್ರು. ಆಮ್ಯಾಲೆ ಏನಾತು? ಮುಂದಿನ ಬಾಗಿಲು ಹಾಕಿದ ಕೂಡ್ಲೆ ಹಿಂದಿನ ಬಾಗಿಲಿಂದ ಫೌಂಡೇಶನ್ ಬಂತು. ಅದ್ಕೂ ಟ್ಯಾಕ್ಸ್ ರಿಯಾಯಿತಿ! ಅಂದ್ರ ನಿಮ್ಮ ಊರಿನ ಸಂಗೀತ ಮಾಸ್ತರ ಪಗಾರದಾಗ ನಂದೂ ಒಂದು ಪಾಲು ಅದ. ನನ್ನ ಮಗ ಮಾತ್ರ ರೆಕಾರ್ಡರ್ ಕೊಳಲು ಊದಾಕ ಕಲಿಸೋರೂ ಇಲ್ಲದ ಕ್ಲಾಸ್‌ನ್ಯಾಗ ಕೂತಾನ.

ಹಳೇ ಹುಲಿ 96
ಈ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಇಪ್ಪತ್ತು ವರ್ಷ ಚೆಕ್ ಬರೆದವನು ನಾನು. ಒಂದು ಸಲವೂ ಹೀಗೆ ಯೋಚಿಸಿರಲಿಲ್ಲ.

ಪೋರ್ಟ್‌ಲ್ಯಾಂಡ್ ಜಿಟಿಜಿಟಿ
ನಮ್ಮ ಆರೆಗನ್‌ನಲ್ಲಿ ಇದೇ ಜಗಳ ಮೂವತ್ತು ವರ್ಷ ನಡೀತು. ಇಲ್ಲೂ 1990ರಲ್ಲಿ ಮೆಷರ್ 5 ಅಂತ ಆಸ್ತಿ ತೆರಿಗೆಗೆ ಕಡಿವಾಣ ಬಿತ್ತು. ಟೀಚರ್‌ಗಳನ್ನು ಕಳಕೊಂಡ ಪೋರ್ಟ್‌ಲ್ಯಾಂಡ್ ಪೋಷಕರಿಗೆ ನೀವೇ ದುಡ್ಡೆತ್ತಿ ನೇಮಿಸಿಕೊಳ್ಳಿ ಅಂದರು, ಒಂದು ಷರತ್ತಿನ ಮೇಲೆ: ಮೊದಲ 10,000 ಡಾಲರ್ ನಿಮ್ಮ ಶಾಲೆಗೆ, ಅದಕ್ಕಿಂತ ಮೇಲಿನದರಲ್ಲಿ ಮೂರನೇ ಒಂದು ಪಾಲು ಬಡ ಶಾಲೆಗಳ ನಿಧಿಗೆ. ಕೇಳೋಕೆ ಚಂದ. ಆದರೂ ಉಳಿದ ಎರಡು ಪಾಲು ದುಡ್ಡಿದ್ದವರ ಶಾಲೆಯಲ್ಲೇ ಉಳೀತಿತ್ತಲ್ಲ? 2024ರಲ್ಲಿ ಬೋರ್ಡು ಇದನ್ನ ನಿಲ್ಲಿಸೋಕೆ ತೀರ್ಮಾನ ಮಾಡಿತು. ಒಂದು ಶಾಲೆಗೆ ಅಂತ ದುಡ್ಡೆತ್ತಿ ಟೀಚರ್ ನೇಮಿಸೋ ಹಾಗಿಲ್ಲ. ನಮ್ಮ ಬೀದಿಯ ಇಬ್ಬರು ಆವತ್ತಿನಿಂದ ಮಾತು ಬಿಟ್ಟಿದಾರೆ.

ಲೆಕ್ಕದವನು
ಪಾಲೊ ಆಲ್ಟೊದಲ್ಲಿ 2000ರ ದಶಕದ ಆರಂಭದಲ್ಲೇ ಹಾಗೆ ಮಾಡಿದ್ರು. ಶಾಲೆವಾರು ಪಿಟಿಎ ದುಡ್ಡಲ್ಲಿ ಟೀಚರ್ ನೇಮಿಸೋ ಹಾಗಿಲ್ಲ, ಪಾರ್ಟ್‌ನರ್ಸ್ ಇನ್ ಎಜುಕೇಶನ್ ಅನ್ನೋ ಒಂದೇ ಫೌಂಡೇಶನ್ ಎಲ್ಲ ಶಾಲೆಗೂ ಹಂಚುತ್ತೆ. ಸಾಂಟಾ ಮೋನಿಕಾ–ಮಾಲಿಬು 2011ರಲ್ಲಿ ಅದೇ ದಾರಿ ಹಿಡೀತು. ಮಾಲಿಬುದವರು ಸಿಟ್ಟಾಗಿ, ನಮಗೆ ಡಿಸ್ಟ್ರಿಕ್ಟೇ ಬೇರೆ ಮಾಡಿಕೊಡಿ ಅನ್ನೋ ಹಳೇ ಕೂಗನ್ನ ಇನ್ನೂ ಜೋರು ಮಾಡಿದರು.

ಆದರೆ ಫೇಡಾ ಅವರೇ, ಇದೆಲ್ಲ ಒಂದು ಡಿಸ್ಟ್ರಿಕ್ಟಿನ ಒಳಗಿನ ಹಂಚಿಕೆ. ನಿಮ್ಮ ಡಿಸ್ಟ್ರಿಕ್ಟು ಬೇರೆ, ಅಕ್ಕನ ಡಿಸ್ಟ್ರಿಕ್ಟು ಬೇರೆ. ಗಡಿ ದಾಟಿ ಹಂಚೋ ವ್ಯವಸ್ಥೆ ಇಲ್ಲ.

ಧಾರವಾಡ ಫೇಡಾ
ಅದನ್ನ ಹೇಳಾಕತ್ತೇನಿ!

ಮೂರು ಮಕ್ಕಳ ತಾಯಿ
ಪ್ರೊಪೊಸಿಷನ್ 28 ಮರೆತುಬಿಟ್ರಾ? 2022ರಲ್ಲಿ ಪಾಸಾಯ್ತಲ್ಲ. ವರ್ಷಕ್ಕೆ ಹೆಚ್ಚು ಕಡಿಮೆ ನೂರು ಕೋಟಿ ಡಾಲರ್, ಕಲೆ ಸಂಗೀತಕ್ಕೇ ಅಂತ. ಅದರಲ್ಲಿ 30% ಬಡ ಮಕ್ಕಳ ಸಂಖ್ಯೆ ನೋಡಿ ಹಂಚೋದು. ಫೇಡಾ ಅವರೇ, ನಿಮ್ಮ ಶಾಲೆಗೂ ಬಂದಿರಲೇಬೇಕು. ಹೋಗಿ ಕೇಳಿ.

ಚಿತ್ತಾರದ ಅಕ್ಕ
ಹೌದು, ಕೇಳಿ. ದೊಡ್ಡ ಡಿಸ್ಟ್ರಿಕ್ಟುಗಳಲ್ಲಿ 80% ಸಂಬಳಕ್ಕೇ ಹೋಗಬೇಕು. ಇರೋ ಟೀಚರ್ ಸಂಬಳವನ್ನು ಈ ಲೆಕ್ಕಕ್ಕೆ ಜಾರಿಸೋ ಹಾಗಿಲ್ಲ, ಹೊಸದಾಗಿ ಸೇರಿಸಬೇಕು. ಲಾಸ್ ಏಂಜಲೀಸ್ ಡಿಸ್ಟ್ರಿಕ್ಟು ಹೀಗೆ ಜಾರಿಸಿದೆ ಅಂತ ಆ ಪ್ರೊಪೊಸಿಷನ್ ಬರೆದ ಆಸ್ಟಿನ್ ಬ್ಯೂಟ್ನರ್ ಅವರೇ 2025ರಲ್ಲಿ ಕೋರ್ಟಿಗೆ ಹೋದರು. ಅವರು ಅದೇ ಡಿಸ್ಟ್ರಿಕ್ಟಿನ ಹಳೇ ಸೂಪರಿಂಟೆಂಡೆಂಟು, ಅಂದ್ರೆ ಮುಖ್ಯಸ್ಥರು!

ಹಾಸನದ ಮೇಷ್ಟ್ರು
ನಾನು ಅಮೆರಿಕದವನಲ್ಲ, ಅಳಿಯ ಈ ಗುಂಪಿಗೆ ಸೇರಿಸಿದ್ದಾನೆ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಓದ್ತಾ ಓದ್ತಾ ನಗು ಬಂತು. ಇಲ್ಲಿ 2022ರ ಅಕ್ಟೋಬರಲ್ಲಿ ಇಲಾಖೆಯಿಂದ ಒಂದು ಸುತ್ತೋಲೆ ಬಂದಿತ್ತು: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೂಲಕ ಪೋಷಕರಿಂದ ತಿಂಗಳಿಗೆ 100 ರೂಪಾಯಿ ಸ್ವಯಂಪ್ರೇರಿತ ದೇಣಿಗೆ ಪಡೀಬಹುದು ಅಂತ. ರಾಜ್ಯವೆಲ್ಲ ಹೊತ್ತಿಕೊಂಡಿತು, ಕೆಲವೇ ದಿನಕ್ಕೆ ವಾಪಸ್. ನೀವು 900 ಡಾಲರಿಗೆ ಇಷ್ಟು ಸಮಾಧಾನವಾಗಿ ಚರ್ಚೆ ಮಾಡ್ತಿದ್ದೀರಿ!

ನಮ್ಮಲ್ಲಿ ಶಾಲೆಗೆ ಹೊರಗಿನ ನೆರವು ಅಂದರೆ ಇನ್ನೂ ಹೊಟ್ಟೆಯ ಹತ್ತಿರವೇ ಇದೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಒಪ್ಪಂದ ಮಾಡಿಕೊಂಡ ಮೇಲೆ ವಾರಕ್ಕೆ ಎರಡಿದ್ದ ಮೊಟ್ಟೆ ಆರು ದಿನ ಆಯಿತು. ಸುಲಿಯೋದು ಮಾತ್ರ ನಮ್ಮ ಅಡುಗೆಯವರೇ. ಸಂಗೀತಕ್ಕೆ ಮೇಷ್ಟ್ರಿಲ್ಲ. ಪ್ರತಿಭಾ ಕಾರಂಜಿ ಬಂದಾಗ ಭಾವಗೀತೆ ಕಲಿಸೋದು ಗಣಿತದ ನಾನೇ. ನನ್ನ ಶ್ರುತಿ ನಿಮ್ಮ 17ನೇ ನಂಬರಿನದು.

ತರಲೆ ತಿಮ್ಮ
ಮೇಷ್ಟ್ರೇ ನಮಸ್ಕಾರ. ಈ ಚರ್ಚೆಯ ಅತ್ಯುತ್ತಮ ಸಾಲು ನಿಮ್ಮದೇ.

ಹಳೇ ಹುಲಿ 96
ಮೇಷ್ಟ್ರೇ, ನಾನು ಓದಿದ್ದೂ ನಿಮ್ಮ ಜಿಲ್ಲೆಯ ಸರ್ಕಾರಿ ಶಾಲೆಯಲ್ಲೇ, ಅರಸೀಕೆರೆ ಕಡೆ. ಇಲ್ಲಿಂದ ನೇರ ಶಾಲೆ ಖಾತೆಗೆ ದುಡ್ಡು ಹಾಕಬಹುದಾ?

ಲೆಕ್ಕದವನು
ಹುಲಿ ಸಾರ್, ತಡೀರಿ. ನಿಮ್ಮದು ಯಾವ ಪಾಸ್‌ಪೋರ್ಟು? ಭಾರತದ್ದೇ ಆಗಿದ್ರೆ ನಿಮ್ಮ ದುಡ್ಡು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪ್ರಜೆಯಾಗಿ ಒಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳ ಕಾರ್ಡು) ತಗೊಂಡಿದ್ರೆ ಅದು ವಿದೇಶಿ ದೇಣಿಗೆ. ಟ್ರಸ್ಟು, ಹಳೇ ವಿದ್ಯಾರ್ಥಿ ಸಂಘದ ಮೂಲಕ ಹೋಗೋದಾದ್ರೆ ಆ ಸಂಘಕ್ಕೆ ಎಫ್‌ಸಿಆರ್‌ಎ ಅನ್ನೋ ವಿದೇಶಿ ದೇಣಿಗೆ ಕಾನೂನಿನ ನೋಂದಣಿ ಇರಬೇಕು. ದುಡ್ಡು ದಿಲ್ಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯ ಖಾತೆಗೆ ಮೊದಲು ಬೀಳಬೇಕು. ಪಾಪದ ಎಸ್‌ಡಿಎಂಸಿ ಅಧ್ಯಕ್ಷರನ್ನ ಇದರಲ್ಲಿ ಸಿಕ್ಕಿಸಬೇಡಿ.

ಹಳೇ ಹುಲಿ 96
ಒಸಿಐ. ಬಿಡಿ, ರಜಕ್ಕೆ ಹೋದಾಗ ವಿಚಾರಿಸ್ತೀನಿ.

ಕುಂದಾಪ್ರ ಮೀನ್‌ಸಾರು
ರಜ ಅಂದ್ಕೂಡ್ಲೇ ನೆನಪಾಯ್ತು. ದುಡ್ಡು ಕೊಡೋಕಾಗದವರು ಕನಿಷ್ಠ ಇದೊಂದು ಮಾಡಿ: ಡಿಸೆಂಬರಲ್ಲಿ ಟಿಕೆಟ್ ಅಗ್ಗ ಅಂತ ಎರಡು ವಾರ ಮುಂಚೆ ಊರಿಗೆ ಹೊರಡ್ತೀವಲ್ಲ, ಆ ದಿನಗಳಿಗೆ ಶಾಲೆ ದುಡ್ಡು ಕಳ್ಕೊಳ್ಳುತ್ತೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯ ದುಡ್ಡು ಕೊಡೋದು ದಾಖಲಾತಿ ನೋಡಿ ಅಲ್ಲ, ಹಾಜರಾತಿ ನೋಡಿ. ಮುಂಚೆ ಹೇಳಿ ಇಂಡಿಪೆಂಡೆಂಟ್ ಸ್ಟಡಿ ಒಪ್ಪಂದಕ್ಕೆ ಸಹಿ ಹಾಕಿ, ಕೊಟ್ಟ ಹೋಂವರ್ಕ್ ಮುಗಿಸಿ ತಂದ್ರೆ ಹಾಜರಾತಿ ಸಿಗುತ್ತೆ. ನಾವು ಮೂರು ವರ್ಷ ಗೊತ್ತಿಲ್ದೇ ಸುಮ್ನೆ ಹೋಗಿದ್ದೆವು. ಆಮೇಲೆ ಮಗ ಅಜ್ಜನ ಮನೆ ಜಗುಲಿ ಮೇಲೆ ಕೂತು ಭಿನ್ನರಾಶಿ ಮಾಡಿದ. ಹಾಳೆ ತುಂಬ ಹಲಸಿನ ಮೇಣ. ಟೀಚರ್ ಇದೇನು ಅಂತ ಕೇಳಿ ತಿಳ್ಕೊಂಡರು.

ತರಲೆ ತಿಮ್ಮ
ಡಿಸೆಂಬರಲ್ಲಿ ಹಲಸು?

ಕುಂದಾಪ್ರ ಮೀನ್‌ಸಾರು
ಗುಜ್ಜೆ ಮಾರಾಯ, ಗುಜ್ಜೆ! ಎಳೆಕಾಯಿಗೇ ಮೇಣ ಜಾಸ್ತಿ. ಬಯಲುಸೀಮೆಯವರಿಗೆ ಏನು ಗೊತ್ತು.

ಮೂರು ಮಕ್ಕಳ ತಾಯಿ
ಮೂಲ ಪ್ರಶ್ನೆಗೆ ಇನ್ನೊಂದು: ಕಂಪನಿ ಮ್ಯಾಚಿಂಗ್ ನೋಡಿ. ನೀವು 200 ಕೊಟ್ರೆ ಕಂಪನಿ ಇನ್ನೊಂದು 200 ಸೇರಿಸುತ್ತೆ. ಕೆಲವು ಕಂಪನಿ ಸ್ವಯಂಸೇವೆಯ ಗಂಟೆಗೂ ದುಡ್ಡು ಕೊಡುತ್ತೆ. ಜನ ಫಾರ್ಮ್ ತುಂಬೋಕೆ ಸೋಮಾರಿತನ ಮಾಡ್ತಾರೆ. ಹಾಂ, ಗಾಲಾ (ದುಡ್ಡೆತ್ತೋ ಔತಣಕೂಟ) ಹರಾಜಲ್ಲಿ ಏನಾದ್ರೂ ಕೊಂಡ್ರೆ ಪೂರ್ತಿ ಮೊತ್ತಕ್ಕೆ ಟ್ಯಾಕ್ಸ್ ರಿಯಾಯಿತಿ ಇಲ್ಲ. ವಸ್ತುವಿನ ಬೆಲೆ ಕಳೆದು ಉಳಿದದ್ದಕ್ಕೆ ಮಾತ್ರ.

ಬಾಡಿಗೆಮನೆ_ಸೌತ್‌ಬೇ
ಎಲ್ಲರಿಗೂ ಥ್ಯಾಂಕ್ಸ್. ಫೇಡಾ ಅವರ ಮಾತು ಮುಳ್ಳಿನ ಹಾಗೆ ಚುಚ್ಚಿತು, ನಿಜ. ಮನೇಲಿ ಮಾತಾಡಿ ಹೀಗೆ ತೀರ್ಮಾನ ಮಾಡಿದ್ವಿ: ನಮ್ಮ ಫೌಂಡೇಶನ್‌ಗೆ 200, ಕಂಪನಿ ಮ್ಯಾಚ್ ಸೇರಿ 400. ಇನ್ನೊಂದು 200 ಫೇಡಾ ಅವರ ಶಾಲೆ ಪಿಟಿಎಗೆ. ಲಿಂಕ್ ಕಳಿಸ್ತೀರಾ? ಪಿಜ್ಜಾ ಬಗ್ಗೆ ಪ್ರಿನ್ಸಿಪಾಲರಿಗೆ ಬರೆದೆ, ಇನ್ನೂ ಉತ್ತರ ಇಲ್ಲ.

ಧಾರವಾಡ ಫೇಡಾ
ಲಿಂಕ್ ಗಿಂಕ್ ಇಲ್ರೀ, ಚೆಕ್ ಬರೀಬೇಕು. ಶನಿವಾರ ಬರ್ರಿ, ಟಮಾಲೆ ಇರ್ತದ. ಪ್ರೊಪೊಸಿಷನ್ 28 ಬಗ್ಗೆ ಆಫೀಸ್‌ನ್ಯಾಗ ಕೇಳಿದೆ. ರೊಕ್ಕ ಬಂದದಂತ, ಸಂಗೀತ ಟೀಚರ್ ಸಿಗವಲ್ರಂತ. ವಾರಕ್ಕ ಎರಡು ದಿನದ ಕೆಲಸಕ್ಕ ಯಾರು ಬರ್ತಾರ?

ಚಿತ್ತಾರದ ಅಕ್ಕ
ಆ 28 ಯುಕುಲೆಲೆ ಈ ವರ್ಷ ನಮ್ಮಲ್ಲಿ ಕಪಾಟಲ್ಲಿ ಕೂತಿವೆ, ಟೀಚರ್ ರಜೆಯಲ್ಲಿದಾರೆ. ಡಿಸ್ಟ್ರಿಕ್ಟಿನ ಆಸ್ತಿ, ಹಾಗೆಲ್ಲ ಸಾಲ ಕೊಡೋಕೆ ಬರುತ್ತಾ ಗೊತ್ತಿಲ್ಲ. ಕೇಳಿ ನೋಡ್ತೀನಿ. ಸಿಕ್ಕರೆ ಶ್ರುತಿ ಮಾಡೋಕೆ ಜನ ಬೇಕು, ನನಗೆ ಒಂದೇ ಸಲಕ್ಕೆ ಸಾಕಾಗಿದೆ.

ಬಾಡಿಗೆಮನೆ_ಸೌತ್‌ಬೇ
ನನಗೆ ಸರಿಗಮ ಬರಲ್ಲ. ನವೆಂಬರಲ್ಲಿ ಅಮ್ಮ ಬರ್ತಾರೆ, ಶಿವಮೊಗ್ಗದಲ್ಲಿ ಮೂವತ್ತು ವರ್ಷ ವೀಣೆ ಪಾಠ ಹೇಳಿದವರು. ತಂತಿ ಅಂದ್ರೆ ಬಿಡಲ್ಲ.

ಚಿತ್ತಾರದ ಅಕ್ಕ
ಕರ್ಕೊಂಡು ಬನ್ನಿ! ಶಾಲೆಯಲ್ಲಿ ಸ್ವಯಂಸೇವೆಗೆ ಟಿಬಿ ಇಲ್ಲ ಅನ್ನೋ ಕಾಗದ ಕೇಳ್ತಾರೆ, ಈಗಲೇ ನೆನಪಿಟ್ಟುಕೊಳ್ಳಿ.

ಕುಂದಾಪ್ರ ಮೀನ್‌ಸಾರು
ಚರ್ಮದ ಟೆಸ್ಟ್ ಬೇಡ, ರಕ್ತದ್ದು ಮಾಡಿಸಿ. ನಾವೆಲ್ಲ ಬಿಸಿಜಿ ಅನ್ನೋ ಟಿಬಿ ಲಸಿಕೆ ಹಾಕಿಸಿಕೊಂಡವರು, ಟಿಬಿ ಇಲ್ಲದಿದ್ರೂ ಚರ್ಮ ಊದಬಹುದು. ನಂಗೆ ಮೊಣಕೈ ಕೆಳಗೆ ಎರಡು ರೂಪಾಯಿ ನಾಣ್ಯದಷ್ಟು ಊದಿ, ಎಕ್ಸ್‌ರೇ ತೆಗೆಸೋವರೆಗೂ ಶಾಲೆ ಒಳಗೆ ಬಿಡಲಿಲ್ಲ.